ತಾಕು ಎಂದು ಬರೆದ ಬೋರ್ಡು

ಟಾಕೊ ಎಂದು ಬರೆಯಬೇಕಿತ್ತು. ಬೋರ್ಡ್ ಬರೆಯುವವರು ತಾಕು ಎಂದು ಬರೆದರು. ನಮ್ಮ ಅಂಗಡಿಗಳ ಹೆಸರಿನ ಚರಿತ್ರೆ ಇಷ್ಟೇ ಎಂದು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ಅದರ ಮೇಲೂ ನನಗೆ ಪೂರ್ತಿ ನಂಬಿಕೆ ಉಳಿದಿಲ್ಲ.

ಈಚೆಗೆ ತುಮಕೂರಿನಿಂದ ಊಟತಿಂಡಿಯ ವಿಡಿಯೊ ಮಾಡುವವರೊಬ್ಬರು ಬಂದಿದ್ದರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕೂ ಊರಲ್ಲಿ ಒಂದೇ ಹೆಸರಿನ ಮೆಕ್ಸಿಕನ್ ತಿಂಡಿ ಅಂಗಡಿ ಇದೆಯೆಂದು ಅವರಿಗೆ ಯಾರೋ ಹೇಳಿದ್ದರಂತೆ. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಮೇಡಂ, ನೀವು ಮೆಕ್ಸಿಕೊಗೆ ಹೋಗಿದ್ದು ಯಾವಾಗ?" ಎಂದು ಕೇಳಿದರು. ರಾಜ್ಯದ ಗಡಿ ದಾಟಿ ಮಡಕಶಿರಾದವರೆಗೆ ಹೋಗಿದ್ದೇ ಹೆಚ್ಚು ಎಂದೆ. ಅವರು ನಕ್ಕು ಆ ಭಾಗವನ್ನು ತೆಗೆದುಹಾಕಿದರು. ಈಗ ವಿಡಿಯೊದಲ್ಲಿ ನಾನು ದೇಶ ಸುತ್ತಿ ಬಂದು ಹುಟ್ಟೂರಿಗೆ ಹೊಸ ರುಚಿ ತಂದವಳು. ಮತ್ತೆ ಮತ್ತೆ ನೋಡಿದ ಮೇಲೆ, ಹೋಗಿದ್ದೆನೇನೋ ಎಂದು ನನಗೇ ಒಂದು ಕ್ಷಣ ಅನ್ನಿಸಿತು. ನೆನಪು ಅಷ್ಟು ಸಡಿಲ. ಹಾಗಾಗಿ ಬೇರೆಯವರ ಕತೆ ನನ್ನೊಳಗೆ ಗಟ್ಟಿಯಾಗುವ ಮೊದಲು ನನಗೆ ತಿಳಿದಷ್ಟನ್ನು ಬರೆದಿಡುತ್ತಿದ್ದೇನೆ. ತಿಳಿಯದ್ದನ್ನು ತಿಳಿಯದು ಎಂದೇ ಬರೆಯುತ್ತೇನೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಶಿರಾದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಮಧ್ಯಾಹ್ನದ ಊಟಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರದ ಕುಷ್ಕಾ ಅಂಗಡಿಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವರು ನನಗಿಂತ ವಯಸ್ಸಿನಲ್ಲಿ ಸಾಕಷ್ಟು ದೊಡ್ಡವರಾದ ಒಬ್ಬ ಹೆಂಗಸು. ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಆಪಾ ಎಂದೇ ಕರೆದೆ. ತಾತನ ಕಾಲದಿಂದ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಂಡು ಬಂದ ಮನೆತನ ಅವರದು. ಬಿರಿಯಾನಿ ಹಂಡೆಯ ಮುಂದೆ ನಿಂತ ಹಾಗೆಯೇ ಎಲ್ಲ ಕಡೆಯೂ ನಿಲ್ಲುತ್ತಾರೆ: ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರು ಬಂದರೂ ಮೊದಲು ಸ್ವಲ್ಪ ಬೈದು.

ಮೊದಲ ರೊಟ್ಟಿ ಮಡಚಿದ ದಿನದ ಬಗ್ಗೆ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಮೈಸೂರಿನಲ್ಲಿ ಓದುವಾಗ ಒಂದು ಮಾಲಿನಲ್ಲಿ ತಿಂದಿದ್ದ ಟಾಕೊವನ್ನು ನಾನು ವರ್ಣಿಸಿದೆ, ಅದನ್ನು ಕೇಳಿ ಆಪಾ ಮುಸುಕಿನ ಜೋಳ ತರಿಸಿದರು ಎಂಬುದು ನನ್ನ ನೆನಪು. ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದಳು, ಆ ದಿನ ನಾನು ಅಲ್ಲಿರಲೇ ಇಲ್ಲ ಎಂಬುದು ಆಪಾ ನೆನಪು. ನಾನು ಡೈರಿ ಬರೆಯುವವಳಲ್ಲವೇ, ತೆಗೆದು ನೋಡಿದೆ. ಆ ದಿನಗಳ ಪುಟಗಳ ತುಂಬ ಟೈಮ್‌ಟೇಬಲ್ ಬದಲಾಯಿಸಿದವರ ಮೇಲಿನ ಸಿಟ್ಟಿದೆ. ರೊಟ್ಟಿಯ ಸುಳಿವೇ ಇಲ್ಲ. ಈ ಜಗಳ ಎತ್ತಿದಾಗಲೆಲ್ಲ ಆಪಾ, "ಆಯ್ತಮ್ಮ, ನೀನ್ ತಿಂದಿದ್ದೆ, ನಾನ್ ಮಾಡ್ದೆ. ತಿಂದೋರು ಚರಿತ್ರೆ ಬರೀತಾರೆ, ಮಾಡ್ದೋರು ಕೈ ಸುಟ್ಕೋತಾರೆ. ಬರ್ಕೊ" ಎನ್ನುತ್ತಾರೆ.

ಕೈ ಸುಟ್ಟುಕೊಂಡದ್ದು ಮಾತ್ರ ಇಬ್ಬರೂ ಒಪ್ಪುವ ಸಂಗತಿ. ಮುಸುಕಿನ ಜೋಳದ ರೊಟ್ಟಿ ಮಡಚಿದರೆ ನಡುವೆ ಸೀಳುತ್ತಿತ್ತು, ಒಳಗಿನ ಪಲ್ಯ ಮೊಣಕೈವರೆಗೆ ಇಳಿಯುತ್ತಿತ್ತು. ಆ ದೇಶದಲ್ಲಿ ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಹಾಕುತ್ತಾರೆ ಎಂದು ನಾನು ಎಲ್ಲೋ ಓದಿ ಹೇಳಿದೆ. ಆಪಾ ಎಲೆಯಡಿಕೆ ಡಬ್ಬಿ ತೆಗೆದು, "ತಿನ್ನೋ ಸುಣ್ಣ ಐತೆ, ಆಗುತ್ತಾ?" ಎಂದರು. ಸುಣ್ಣದ ತಿಳಿಯಲ್ಲಿ ಬೆಂದು ಬೆಳಗಿನವರೆಗೆ ನೆಂದ ಜೋಳದ ಸಿಪ್ಪೆ ಉಜ್ಜಿದರೆ ಬಿಟ್ಟುಕೊಂಡಿತು. ತೊಳೆದು ಗ್ರೈಂಡರಿಗೆ ಹಾಕಿ ತಟ್ಟಿದ ರೊಟ್ಟಿ ಬಟ್ಟೆಯಂತೆ ಮಡಚಿತು. ಊರೆಲ್ಲ ಸುದ್ದಿಯಾಯಿತು, ಆಪಾ ರೊಟ್ಟಿಗೆ ಸುಣ್ಣ ಹಾಕುತ್ತಾಳೆ ಎಂದು. ಪಕ್ಕದ ದೋಸೆ ಅಂಗಡಿಯವರು ಅಲ್ಲಿಂದಲೇ ಕೂಗಿದರು: "ಏನ್ ಆಪಾ, ನಮ್ ಗಿರಾಕಿಗೆ ಬೆಣ್ಣೆ, ನಿಮ್ ಗಿರಾಕಿಗೆ ಸುಣ್ಣನಾ?"

"ಹೂಂ ಕಣಪ್ಪ. ನಿನ್ ಬೆಣ್ಣೆ ತಿಂದೋರು ನನ್ ಸುಣ್ಣ ತಿಂದೇ ಅರಗಿಸ್ಕೊಳ್ಳೋದು."

ಇನ್ನು ಬೋರ್ಡು. ರೊಟ್ಟಿ ಓಡತೊಡಗಿ, ನಾನೂ ಆಪಾ ಜೊತೆ ಪಾಲು ಸೇರಿದ ಮೇಲೆ ಬರೆಸಿದ್ದು. ಬರೆದವರು ಬುಕ್ಕಾಪಟ್ಟಣದ ಕಡೆಯ ಪೇಂಟರು. ನಾನು ಫೋನಿನಲ್ಲಿ ಟಾಕೊ ಎಂದೆ. ಅವರು, "ತಾಕಾ? ಹೊಲದ ತಾಕು?" ಎಂದು ಕೇಳಿದರು. ನಮ್ಮ ಕಡೆ ಹೊಲದ ಒಂದು ತುಂಡಿಗೆ ತಾಕು ಎನ್ನುತ್ತಾರೆ, ಮೇಲಿನ ತಾಕು, ಕೆರೆ ಹಿಂದಿನ ತಾಕು ಎಂದು. ನಾನು ಅಲ್ಲ ಎಂದೆನೆಂದು ನನ್ನ ನೆನಪು. ಮೇಡಮ್ಮೇ ಹೂಂ ಅಂದ್ರು ಎಂದು ಪೇಂಟರು ಇಂದಿಗೂ ಹೇಳುತ್ತಾರೆ. ಬೋರ್ಡ್ ಬಂದಾಗ ಮೊದಲು ನೋಡಿದವರು ಆಪಾ. "ಸರಿಯಾಗೇ ಕಾಣ್ತು, ಸುಮ್ನಾದೆ" ಎನ್ನುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ, ಮೂರು ಮಾತೂ ಒಟ್ಟಿಗೆ ನಿಜವಾಗಿರಲೂ ಸಾಧ್ಯವಿಲ್ಲ.

ಕಾಗುಣಿತ ತಪ್ಪಿದರೆ ಅಂಕ ಕಳೆಯುವವಳು ನಾನು. ತಿದ್ದಿಸಬೇಕು ಎಂದು ಗೊಣಗುತ್ತಿರುವಾಗಲೇ ಸಂತೆಗೆ ಬಂದಿದ್ದ ಒಬ್ಬ ಅಜ್ಜ ಬೋರ್ಡನ್ನು ನಿಧಾನವಾಗಿ ಓದಿ, "ನಮ್ವು ಎಲ್ಡು ತಾಕು ರೋಡಿಗೋದ್ವು. ನೀನೊಂದ್ ತಾಕು ಕೊಡವ್ವ, ಹೆಂಗೈತೆ ನೋಡಾನ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಜ್ಜ ತಿಂದು, ಮೀಸೆ ಒರೆಸಿಕೊಂಡು, ಇನ್ನೊಂದು ತಾಕು ಕೇಳಿದ. ಬೋರ್ಡ್ ಹಾಗೇ ಉಳಿಯಿತು.

ಹೆಸರಿನಷ್ಟೇ ನಮ್ಮದಾದದ್ದು ಕೊಡುವ ರೀತಿ. ನಮ್ಮಲ್ಲಿ ತಟ್ಟೆಯಿಲ್ಲ. ಅಂಗಡಿಯ ಮುಂದೆಯೇ ನಲ್ಲಿ. ಗಿರಾಕಿ ಕೈ ತೊಳೆದು ಬರಬೇಕು, ನಾವೂ ಅವರ ಕಣ್ಣೆದುರೇ ತೊಳೆಯುತ್ತೇವೆ. ರೊಟ್ಟಿಯನ್ನು ಎಡಗೈಯಲ್ಲಿ ಹರಡಿ, ಕಾಳೋ ಕೋಳಿಯೋ ತುಂಬಿ, ಈರುಳ್ಳಿ, ಹುಣಸೆ ಚಟ್ನಿ ಹಾಕಿ, ಮಡಚಿ, ಅವರ ಅಂಗೈಯಲ್ಲಿ ಇಡುತ್ತೇವೆ. "ತಟ್ಟೆ ತೊಳಿಯೋರ್ ಯಾರು?" ಎಂಬುದೊಂದೇ ಆಪಾ ಕೊಡುತ್ತಿದ್ದ ಕಾರಣ. ನನಗೆ ಬೇರೆ ಕಾರಣವಿತ್ತು, ಅದನ್ನು ಆಗ ಯಾರಿಗೂ ಹೇಳಿರಲಿಲ್ಲ.

ನಮ್ಮದು ಕೊರಟಗೆರೆ ಕಡೆಯ ಚನ್ನರಾಯನದುರ್ಗದ ಕೆಳಗಿನ ಒಂದು ಹಳ್ಳಿ. ಅಲ್ಲಿನ ಟೀ ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡು. ನಮ್ಮ ಕೇರಿಯವರ ಲೋಟಗಳು ಅದರಲ್ಲಿರುತ್ತಿದ್ದವು. ನಾವೇ ತೆಗೆದುಕೊಂಡು, ತೊಳೆದು, ಕೆಳಗೆ ಹಿಡಿಯಬೇಕು. ಟೀ ಮೇಲಿನಿಂದ ಬೀಳುತ್ತಿತ್ತು. ಲೋಟ ಹಸಿರು ಪ್ಲಾಸ್ಟಿಕ್ಕಿನದು ಎಂದು ನನ್ನ ನೆನಪು, ಸ್ಟೀಲಿನದು ಎಂದು ನನ್ನ ಅಣ್ಣ ಹೇಳುತ್ತಾನೆ. ಲೋಟ ಯಾವುದಾದರೂ ಆಗಿರಲಿ. ಗೂಡಿನ ವಿಷಯದಲ್ಲಿ ನನ್ನ ನೆನಪನ್ನು ಯಾರೂ ಪರೀಕ್ಷೆ ಮಾಡಬೇಕಿಲ್ಲ. ಅಪ್ಪ ಬೌದ್ಧರಾದರು, ಮನೆಯ ಗೋಡೆಯ ಮೇಲಿನ ಪಟಗಳು ಬದಲಾದವು. ಊರವರ ಬಾಯಲ್ಲಿ ನಾವು ಕಾಲೋನಿಯವರಾಗಿಯೇ ಉಳಿದೆವು.

ಮಧುಗಿರಿಯ ಅಂಗಡಿಯನ್ನು ಆಪಾ ತಂಗಿ ತೆರೆದರು. ಅಲ್ಲಿ ಈರುಳ್ಳಿಯ ಜೊತೆ ದಾಳಿಂಬೆ ಕಾಳು ಬಿತ್ತು. ಕೊರಟಗೆರೆಯಲ್ಲಿ ನನ್ನ ಅಣ್ಣ ಅತ್ತಿಗೆ ಹುರುಳಿಕಾಳಿನ ತಾಕು ಮಾಡಿದರು, ಅದು ಉಳಿದವುಗಳಿಗಿಂತ ಹೆಚ್ಚು ಓಡಿತು. ಯಾರೋ ನಮ್ಮದನ್ನು ಚೈನ್ ಎಂದಾಗ ಆಪಾ, "ಚೈನಂತೆ! ಕೊರಳಿಗೆ ಒಂದೆಳೆ ಇಲ್ಲ" ಎಂದು ಬೋಳು ಕತ್ತು ತೋರಿಸಿದರು. ಕೊನೆಗೆ ಪಾವಗಡ. ಕಾಲೇಜು ಬಿಟ್ಟು ಅಲ್ಲಿಗೆ ನಾನೇ ಹೋದೆ.

ಪಾವಗಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೋಗುವಾಗಲೆಲ್ಲ ನನಗೊಂದು ಖುಷಿ. ಬದುವಿನ ಕತ್ತಾಳೆ, ಬಂಡೆಯ ಸಂದಿನ ಪಾಪಾಸುಕಳ್ಳಿ, ಗುಡ್ಡದ ಸೀತಾಫಲ, ಹೊಲದ ಮೆಣಸಿನಕಾಯಿ, ಟೊಮೆಟೊ, ಕಡ್ಲೆಕಾಯಿ, ಎಲ್ಲವೂ ಒಂದು ಕಾಲಕ್ಕೆ ಮೆಕ್ಸಿಕೊ ಇರುವ ಕಡೆಯ ಖಂಡದಿಂದ ಹಡಗು ಹತ್ತಿ ಬಂದವು. ಈಗ ಕತ್ತಾಳೆಯನ್ನು ನೀನು ಯಾವ ಊರಿನದು, ಯಾರ ಪೈಕಿ ಎಂದು ಕೇಳುವವರಿಲ್ಲ. ಮೆಕ್ಸಿಕೊದ ರೊಟ್ಟಿ ಪಾವಗಡಕ್ಕೆ ಏಕೆ ಎಂದು ಕೇಳಿದವರಿಗೆ ನಾನು ಇದನ್ನೇ ಹೇಳುತ್ತಿದ್ದೆ. ರೊಟ್ಟಿಯನ್ನು ಯಾರೂ ಬೇಡವೆನ್ನಲಿಲ್ಲ. ಕಡ್ಲೆಕಾಯಿ ಚಟ್ನಿ ಇಲ್ಲದ ರೊಟ್ಟಿ ರೊಟ್ಟಿಯೇ ಅಲ್ಲ ಎಂದಷ್ಟೇ ತಕರಾರು ತೆಗೆದರು. ಚಟ್ನಿ ಅರೆದೆ. ಗಿರಾಕಿ ಕುದುರಿತು. ನಮ್ಮ ಅಂಗಡಿ ಇದ್ದ ಕಟ್ಟಡದ ಯಜಮಾನರು ದಿನಾ ಬೆಳಿಗ್ಗೆ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಒಂದು ತಾಕು ತಿಂದು ಹೋಗುತ್ತಿದ್ದರು. ಸಭ್ಯರು. ನನ್ನನ್ನು ಅಮ್ಮ ಎಂದೇ ಮಾತಾಡಿಸುವವರು.

ಒಂದು ದಿನ ನೆಂಟರ ಮನೆಗೆ ಬಂದಿದ್ದ ಕೊರಟಗೆರೆ ಕಡೆಯವರೊಬ್ಬರು ಅಂಗಡಿಯಲ್ಲಿ ನನ್ನನ್ನು ಗುರುತು ಹಿಡಿದರು. "ನೀನು ಇಂಥ ಕಾಲೋನಿಯ ಇಂಥವರ ಮಗಳಲ್ವಾ?" ಎಂದು ಎಲ್ಲರೆದುರು ಸಂತೋಷದಿಂದಲೇ ಕೇಳಿದರು. ಹೌದೆಂದೆ. ಅದಾದ ಮೇಲೆ ಬೋರ್ಡಿನ ಅರ್ಥ ಬದಲಾಯಿತು. ಗಡಿಯ ಊರಾದ ಪಾವಗಡದಲ್ಲಿ ಕನ್ನಡದಷ್ಟೇ ತೆಲುಗೂ ಮಾತಾಡುತ್ತಾರೆ, ತೆಲುಗಿನಲ್ಲಿ ತಾಕು ಎಂದರೆ ಮುಟ್ಟು. ಅಂಗಡಿಯ ಮುಂದೆ ಹಾದುಹೋಗುವ ಹುಡುಗರು, "ಒರೇಯ್, ತಾಕೊದ್ದು ರಾ!" ಎಂದು ಒಬ್ಬರನ್ನೊಬ್ಬರು ತಳ್ಳಿಕೊಂಡು ನಗತೊಡಗಿದರು. ಮುಟ್ಟಬೇಡವೋ ಎಂದು. ಮೊದಲ ಸಲ ಕೇಳಿದಾಗಲೇ ನನಗೆ ಅರ್ಥವಾಯಿತು ಎಂದು ಬರೆಯಲು ಆಸೆ. ಆದರೆ ಮೊದಲ ಸಲ ನಾನೂ ಅವರ ಜೊತೆ ನಕ್ಕಿದ್ದೆ ಎಂದೇ ಅನುಮಾನ.

ಕೆಲವರು ಪೇಪರ್ ಒಡ್ಡಿ, ಅದರ ಮೇಲೆ ಹಾಕಿ ಎನ್ನತೊಡಗಿದರು. ನಾನು ಕೈಗೇ ಇಟ್ಟೆ. ಒಂದು ಬೆಳಿಗ್ಗೆ ಯಜಮಾನರು ತಿಂದಾದ ಮೇಲೂ ಏಳದೆ ಕೂತರು.

"ಅಮ್ಮಾ, ತಪ್ಪು ತಿಳ್ಕೋಬ್ಯಾಡ. ಬೋರ್ಡ್‌ದು ಎರಡಕ್ಷರ ತಿದ್ದಿಸಮ್ಮ. ತಾಕು ಅಂದ್ರೆ ಈ ಕಡೆ ಮುಟ್ಟೋದು ಅಂತ ಆಯ್ತದೆ."

"ಕನ್ನಡದಲ್ಲೂ ಅದೇ ಆಗುತ್ತೆ ಸಾರ್."

"ಅದೇ ಮತ್ತೆ! ಟಾಕೊ ಅಂತ ಕರೆಕ್ಟಾಗಿ ಬರೆಸು. ನೀನು ಓದಿದೋಳು, ತಪ್ಪು ತಿದ್ಕೊಂಡಂಗೂ ಆಯ್ತು. ಇನ್ನ, ಆ ಕೈಗಿಕ್ಕೋದು... ಪೇಪರ್ ಪ್ಲೇಟ್‌ನಾಗಿಟ್ಟು ಮುಂದಕ್ಕೆ ತಳ್ಳಿದ್ರೆ ಆಯ್ತಪ್ಪ. ಸಾಲಿನ ಅಂಗಡೋರು ಮಾತಾಡ್ತಾವ್ರೆ. ಅಗ್ರಿಮೆಂಟೂ ಮುಗೀತಾ ಬಂತಲ್ಲ, ನಂಗೂ ಅವರೆಲ್ಲ ಬೇಕಮ್ಮ."

ತಿದ್ದಿಸಿದರೆ ಇರಬಹುದು, ಇಲ್ಲವಾದರೆ ಖಾಲಿ ಮಾಡಬೇಕು. ಅಷ್ಟು ಮೆತ್ತಗೆ ಯಾರೂ ನನ್ನನ್ನು ಹೊರಗೆ ಹಾಕಿರಲಿಲ್ಲ.

ತಿದ್ದಿಸುವುದಿಲ್ಲ ಎಂದು ಆಪಾಗೆ ಫೋನಿನಲ್ಲಿ ಹೇಳಿದೆ. ಮರುದಿನ ಬೆಳಗಿನ ಬಸ್ಸಿಗೆ ಅವರು ಶಿರಾದಿಂದ ಬಂದಿಳಿದರು. ನನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ. ಅವರು ಬಂದವರೇ ನನಗೆ ಬೈದರು.

"ಎರಡಕ್ಷರಕ್ಕೆ ಅಂಗಡಿ ಬಿಡ್ತೀಯಾ? ಮಾರಾಯ್ತಿ, ಮೊದ್ಲಿಂದ ತಪ್ಪು ತಪ್ಪು ಅಂತ ಬಡ್ಕೊಂಡೋಳು ನೀನೇ ಅಲ್ವಾ?"

"ತಪ್ಪು ಅಂತ ತಿದ್ದೋದು ಬೇರೆ ಆಪಾ. ಅವ್ರು ಹೇಳಿದ್ದಕ್ಕೆ ತಿದ್ದೋದು ಬೇರೆ."

"ಜಿದ್ದು ಹೊಟ್ಟೆ ತುಂಬ್ಸಲ್ಲ. ನಾನ್ ಎಷ್ಟು ಮಾತು ನುಂಗಿದ್ದೀನಿ ಗೊತ್ತಾ? ನುಂಗಿ ನುಂಗಿ ನೋಡು ಹೆಂಗ್ ದಪ್ಪ ಆಗಿದ್ದೀನಿ."

ನಗು ಬಂತು, ಸಿಟ್ಟೂ ಉಳಿಯಿತು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಯಾರೂ ಕೇಳದಿದ್ದರೆ ಎಂದೋ ಒಂದು ದಿನ ನಾನೇ ಆ ಅಕ್ಷರಗಳನ್ನು ತಿದ್ದಿಸುತ್ತಿದ್ದೆನೋ ಏನೋ. ಹಾಗಿದ್ದರೆ ನಾನು ಕಾಯುತ್ತಿರುವುದು ಏನನ್ನು? ಒಂದು ಕಾಗುಣಿತದ ತಪ್ಪನ್ನೇ? ಗೂಡಿನಲ್ಲಿದ್ದ ಲೋಟಕ್ಕೂ ಈ ಬೋರ್ಡಿಗೂ ನಾನೇ ಗಂಟು ಹಾಕುತ್ತಿದ್ದೇನೆಯೇ? ಗ್ರೈಂಡರಿನ ಮುಂದೆ ನಿಂತು ಇದನ್ನೇ ಯೋಚಿಸುತ್ತ ಹಿಟ್ಟು ನಾದುತ್ತಿದ್ದೆ. ಆಗ ಯಜಮಾನರು ಬಂದರು. ಆಪಾ ಹೆಂಚಿನ ಮುಂದೆ ಇದ್ದುದನ್ನು ನೋಡಿ ಅವರ ಮುಖ ಅರಳಿತು, ಒಂದು ತಾಕು ಈಸಿಕೊಂಡು ಕೂತರು. ಒಳಗಿನಿಂದ ನನಗೆ ಎಲ್ಲ ಕೇಳುತ್ತಿತ್ತು.

"ಅಬ್ಬ, ನೀವು ಬಂದ್ರಾ ಆಪಾ! ನೀವೇ ಇಲ್ಲಿದ್ಬುಡಿ. ಕೈಗೆ ನೀವು ಕೊಟ್ರೆ ಯಾರ್ದೂ ತಕರಾರಿಲ್ಲ, ಬೋರ್ಡೂ ಹಂಗೇ ಇರ್ಲಿ ಬೇಕಾದ್ರೆ. ಮೇಡಂ ಒಳಗಡೆ ಗ್ರೈಂಡರ್ ನೋಡ್ಕೊಳ್ಳಿ."

ಆಪಾ ರೊಟ್ಟಿ ಮಗುಚುವುದನ್ನು ನಿಲ್ಲಿಸಿದರು. "ಒಳಗಡೆ ಅವ್ಳ್ ಹಿಟ್ಟು ನಾದ್ಬೋದಾ?"

"ಒಳಗಡೆ ಯಾರ್ ನೋಡ್ತಾರಮ್ಮ?"

"ಓಹೋ. ಅಂದ್ರೆ ಮುಟ್ಟಿದ್ರೆ ಮೈಲಿಗೆ ಇಲ್ಲ, ಕಂಡ್ರೆ ಮೈಲಿಗೆ."

"ಅಯ್ಯೋ, ನಂಗೇನೂ ಇಲ್ಲಮ್ಮ! ನಾನು ದಿನಾ ತಿಂತೀನಲ್ಲ."

"ಹಂಗಾದ್ರೆ ಇಲ್ಲಿ ಕೂತು ಪಿಸುಪಿಸು ಅನ್ಬೇಡಿ ಸಾಹೇಬ್ರೆ. ಸಾಲಿನ ಅಂಗಡೋರ್ ಹತ್ರ ಹೋಗಿ ಹೇಳಿ, ಇವ್ಳ್ ಕೈಯಿಂದ ದಿನಾ ತಿಂತೀನಿ ಅಂತ. ಜೋರಾಗಿ ಹೇಳಿ. ಆಮೇಲೆ ಬೋರ್ಡ್ ವಿಚಾರ ಮಾತಾಡಾಣ."

ಇದಕ್ಕಿಂತ ಕೆಟ್ಟದಾಗಿ ಅಂದೆ ಎಂದು ಆಪಾ ಹೇಳಿಕೊಳ್ಳುತ್ತಾರೆ. ನನಗೆ ಕೇಳಿದ್ದು ಇಷ್ಟು. ಯಜಮಾನರು ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದರು, ನಲ್ಲಿಯಲ್ಲಿ ಕೈ ತೊಳೆದರು, ಯಾವ ಅಂಗಡಿಗೂ ಹೋಗದೆ ನೇರ ಮನೆ ಕಡೆ ನಡೆದರು.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಆಪಾ ನನ್ನ ಮುಖ ನೋಡದೆ, "ಬೋರ್ಡ್ ಇಳ್ಸು" ಎಂದರು.

"ತಿದ್ದಿಸೋಕಾ?"

"ತಲೆ ಐತಾ ನಿಂಗೆ? ತಗೊಂಡ್ ಹೋಗೋಕೆ. ಇವ್ರ ಗೋಡೆ ಮೇಲೆ ನಮ್ ಹೆಸ್ರಿಗೇನ್ ಕೆಲ್ಸ?"

ಕೋಟೆ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಪಂಕ್ಚರ್ ಅಂಗಡಿಯಿದ್ದು ಖಾಲಿಯಾದ ಒಂದು ಜಾಗ ಸಿಕ್ಕಿತು. ಒಡತಿ ಒಬ್ಬ ವಯಸ್ಸಾದ ಹೆಂಗಸು. ನಾನು ಯಾರು, ಯಾವ ಊರು, ಎಲ್ಲವನ್ನೂ ಮೊದಲೇ ಹೇಳಿದೆ. ಮತ್ತೆ ಯಾರೋ ಬಂದು ಗುರುತು ಹಿಡಿಯುವುದು ಬೇಡವಿತ್ತು. ಆಕೆ ಎಲ್ಲ ಕೇಳಿ, "ಅದೆಲ್ಲ ನಂಗ್ಯಾಕಮ್ಮ, ಪೊಗ ನಮ್ಮಿಂಟ್ಲೋಕಿ ಬರ್ಬಾರ್ದು ಅಷ್ಟೇ" ಎಂದಳು. ಹೊಗೆ ತನ್ನ ಮನೆಗೆ ಬರಬಾರದು, ಅಷ್ಟೇ ಅವಳ ಷರತ್ತು. ಹೊಗೆಯ ಕೊಳವೆಯನ್ನು ರಸ್ತೆಯ ಕಡೆಗೆ ತಿರುಗಿಸಿದೆವು.

ಹಳೆಯ ಬೋರ್ಡ್ ಹೊಸ ಬಾಗಿಲಿಗಿಂತ ಅಗಲ. ಅರ್ಧ ಪಕ್ಕದ ಗೋಡೆಗೆ ಹರಡಿಕೊಂಡು ಕೂತಿದೆ. ಅದರ ಮೇಲಿನ ಅಕ್ಷರ ತಿದ್ದಿಸಲಿಲ್ಲ. ಕೆಳಗೆ, ಅಷ್ಟೇ ದೊಡ್ಡದಾಗಿ, ತೆಲುಗಿನಲ್ಲೂ ತಾಕು ಎಂದು ಬರೆಸಿದೆ. ನಮ್ಮ ಪೇಂಟರಿಗೆ ತೆಲುಗು ಬರೆಯಲು ಬಾರದು. ಪಾವಗಡದವರೊಬ್ಬರು ಚಾಕ್‌ಪೀಸಿನಲ್ಲಿ ಗೀಚಿಕೊಟ್ಟರು, ಇವರು ಅದರ ಮೇಲೆ ಬಣ್ಣ ತುಂಬಿದರು. ತುಂಬುತ್ತ, "ಮೇಡಂ, ಈ ಸಲ ಸರಿಯಾಗಿ ಕೇಳ್ತಾ ಇದ್ದೀನಿ. ಇದೇ ತಾನೆ?" ಎಂದರು. ಇದೇ ಎಂದೆ. ಕನ್ನಡದಲ್ಲಿ ನಮಗೆ ಹೊಲದ ತುಂಡು ಎಂಬ ಮರೆ ಇತ್ತು. ತೆಲುಗಿನಲ್ಲಿ ಆ ಮರೆಯಿಲ್ಲ. ಆ ಮರೆ ನನಗೆ ಬೇಡವಾಗಿತ್ತು. ಹೆಸರು ಹುಟ್ಟಿದ್ದು ತಪ್ಪಿನಿಂದಲೇ ಇರಬಹುದು, ಅದನ್ನು ಇಟ್ಟುಕೊಂಡದ್ದು ತಪ್ಪಿ ಆದದ್ದಲ್ಲ. ಚರಿತ್ರೆಯಲ್ಲಿ ಇದೊಂದು ಸಾಲಿಗೆ ನಾನು ಸಾಕ್ಷಿ ನಿಲ್ಲಬಲ್ಲೆ.

ಹಳೆಯ ಜಾಗದಷ್ಟು ವ್ಯಾಪಾರ ಇಲ್ಲಿಲ್ಲ. ಬಸ್ಸಿಳಿದವರು ಇಷ್ಟು ದೂರ ನಡೆದು ಬರುವುದಿಲ್ಲ. ಕೆಲವರು ಬೇಕೆಂದೇ ಬರುವುದಿಲ್ಲ. ಬೆಟ್ಟ ಹತ್ತಿ ಇಳಿದವರು, ಐಟಿಐ ಹುಡುಗಿಯರು, ಸೋಲಾರ್ ಕೆಲಸಕ್ಕೆ ಹೋಗುವವರು ಬರುತ್ತಾರೆ. ಯಜಮಾನರು ಒಮ್ಮೆಯೂ ಬಂದಿಲ್ಲ.

ಹಳೆಯ ಸಾಲಿನ ಬಟ್ಟೆ ಅಂಗಡಿಯವರು ಮಾತ್ರ ಹೋದ ವಾರ ಬಂದರು. ನನ್ನ ಕೈಯ ಬಗ್ಗೆ ಮಾತಾಡಿದವರಲ್ಲಿ ಅವರೂ ಒಬ್ಬರು. ಮಧ್ಯಾಹ್ನದ ಬಿಸಿಲು, ಆಪಾ ಶಿರಾದಿಂದ ಬಂದು ಹೆಂಚಿನ ಮುಂದೆ ಇದ್ದರು, ಕೊಡುವ ಕಡೆ ನಾನಿದ್ದೆ. ಅವರು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮುಂದಿಟ್ಟರು.

"ಇದರಾಗೆ ಹಾಕಮ್ಮ. ಮನ್ಯಾಗೆ ಕೇಳ್ತಾವ್ರೆ."

"ಡಬ್ಬೀಲಿ ಹಾಕಿದ್ರೆ ಮೆತ್ತಗಾಗುತ್ತೆ ಸಾರ್. ಮನೆಯವರನ್ನೂ ಕರ್ಕೊಂಡ್ ಬನ್ನಿ. ನೀವು ಇಲ್ಲೇ ತಿನ್ನಿ. ನಲ್ಲಿ ಅಲ್ಲಿದೆ."

ಅವರು ನಲ್ಲಿಯ ಹತ್ತಿರ ಹೋದರು, ಕೈಯನ್ನೂ ತೊಳೆದರು. ನಾನು ರೊಟ್ಟಿ ಹರಡಿ, ಕಾಳು ತುಂಬಿ, ಕಡ್ಲೆಕಾಯಿ ಚಟ್ನಿ ಹಾಕಿ, ಮಡಚಿ ಮುಂದೆ ಹಿಡಿದೆ. ಅವರು ರಸ್ತೆಯ ಈ ತುದಿ ನೋಡಿದರು, ಆ ತುದಿ ನೋಡಿದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು. ಕೈ ಮುಂದೆ ಬರಲಿಲ್ಲ. ನಾನೂ ನನ್ನ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬಿಸಿ ಐತೆ ಸಾಹೇಬ್ರೆ, ಅವ್ಳ್ ಕೈ ಸುಡ್ತೈತೆ. ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ" ಎಂದರು ಆಪಾ.

"ಇನ್ನೊಂದಿನ ಬರ್ತೀನಮ್ಮ" ಎಂದು ಅವರು ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದರು.

ಬರಬಹುದು, ಬಾರದಿರಬಹುದು. ಆ ತಾಕನ್ನು ನಾನೇ ತಿಂದೆ. ಚಟ್ನಿಗೆ ಉಪ್ಪು ಒಂದು ಚೂರು ಹೆಚ್ಚಾಗಿತ್ತು. ಆಪಾಗೆ ಹೇಳಿದರೆ, "ನೀನೇ ಅರೆದಿದ್ದು" ಎಂದರು. ಕೈ ತೊಳೆದುಕೊಂಡು, ಆಗಷ್ಟೇ ಬಂದು ನಿಂತ ಐಟಿಐ ಹುಡುಗಿಗೆ ಕೈ ಚಾಚಲು ಹೇಳಿದೆ.